ಎಣ್ಣೆ ಕುಡಿಯುವ ಚೆಂಡು

ಬೆಳಿಗ್ಗೆ ನಲ್ಲಿ ಬರುವ ಹೊತ್ತಿಗೆ ಎದ್ದು ಡ್ರಮ್ಮು, ಕೊಡ, ಬಕೀಟು ತುಂಬಿಸಿದೆ. ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ ಮಾಡಿದೆ. ಮನೆಯವರ ಯೂನಿಫಾರ್ಮಿಗೆ ಗುಂಡಿ ಹಚ್ಚಿದೆ. ಅತ್ತೆಯವರಿಗೆ ಬಿ.ಪಿ. ಗುಳಿಗೆ ಕೊಟ್ಟೆ. ಆಮೇಲೆ ದೇವರ ಮಾಡದ ಕೆಳಗೆ ಟವೆಲ್ ಸುತ್ತಿ ಮಲಗಿಸಿದ್ದ ಆರು ಕಿಲೋ ತೂಕದ ಚೆಂಡನ್ನು ಎತ್ತಿಕೊಂಡು, ಅದರ ಬೆರಳು ತೂತುಗಳಿಗೆ ಅಂಟಿಸಿದ್ದ ಟೇಪು ಕಿತ್ತು, ಮೂಸಿ ನೋಡಿದೆ. ಇನ್ನೂ ಕುಸುಬಿ ಎಣ್ಣೆಯ ವಾಸನೆ ಇತ್ತು.

ಊರಲ್ಲಿದ್ದಾಗ ನನಗೆ ಚೆಂಡು ಎಂದರೆ ಚೆಂಡುಹೂವು. ರೋಣದಿಂದ ಮುಂಬೈಗೆ ಬಂದು ಮಲಾಡಿನ ಈ ಚಾಳಿನಲ್ಲಿ ಕೋಲಿ ಹಿಡಿದ ಮೇಲೆ ಇನ್ನೊಂದು ಚೆಂಡು ಕಂಡೆ. ಕೋಲಿ ಎಂದರೆ ಇಲ್ಲಿಯ ಮಾತಿನಲ್ಲಿ ಒಂದೇ ಕೋಣೆಯ ಮನೆ. ಮನೆಯವರಿಗೆ ಕೆಲಸ ಸಿಕ್ಕಿದ್ದು ಒಂದು ಮಾಲಿನ ಮೇಲಂತಸ್ತಿನಲ್ಲಿರುವ ಬೌಲಿಂಗ್ ಸೆಂಟರಿನಲ್ಲಿ. ಮೊದಲ ಸಲ ನಮ್ಮನ್ನೆಲ್ಲ ಒಳಗೆ ಕರೆದುಕೊಂಡು ಹೋದಾಗ ಹೊರಗೆ ಉರಿಬಿಸಿಲು, ಒಳಗೆ ಹಲ್ಲು ಕಡಿಯುವಷ್ಟು ಥಂಡಿ. ಕನ್ನಡಿಯ ಹಾಗೆ ಹೊಳೆಯುವ ಉದ್ದುದ್ದ ಮರದ ಹಾದಿಗಳು, ಒಂದೊಂದರ ತುದಿಗೂ ಹತ್ತು ಬಿಳಿ ಗೂಟಗಳು. ಚೆಂಡು ಉರುಳಿಸಿ ಗೂಟ ಕೆಡವುವುದು. ಯಂತ್ರ ಬಂದು ಮತ್ತೆ ನಿಲ್ಲಿಸುವುದು. ಅತ್ತೆಯವರು ಬಹಳ ಹೊತ್ತು ನೋಡಿ, "ಇಷ್ಟ ಚಂದಂಗ ನಿಲ್ಲಿಸಿ ಕೆಡವೂದು ಯಾಕ? ಮಾಡಾಕ ಬ್ಯಾರೆ ಕೆಲಸ ಇಲ್ಲೇನ ಇವಕ್ಕ?" ಎಂದಿದ್ದರು.

ಮನೆಯವರ ಕೆಲಸ ಆ ಯಂತ್ರಗಳ ರಿಪೇರಿ ಮತ್ತು ದಿನಾ ಬೆಳಿಗ್ಗೆ ಹಾದಿಗಳಿಗೆ ಎಣ್ಣೆ ಬಳಿಯುವುದು. ಅದಕ್ಕೂ ಒಂದು ಯಂತ್ರವಿದೆ, ಇಸ್ತ್ರಿ ಮಾಡಿದಂತೆ ಹಾದಿಯ ಮೇಲೆ ಹೋಗಿ ಬರುತ್ತದೆ. ಈ ಸುದ್ದಿ ಊರಿಗೆ ಮುಟ್ಟಿದ್ದು ಬೇರೆ ರೀತಿ. "ನಿಮ್ಮ ಮಾವ ಬೆಳಿಗ್ಗೆ ಎದ್ದು ಎಣ್ಣಿ ಹಾಕ್ತಾರ" ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ನನ್ನ ತಮ್ಮ ತನಗೆ ತಿಳಿದಂತೆ ತಿಳಿದುಕೊಂಡು, "ಅಕ್ಕಾ, ಬೆಳಿಗ್ಗೇನೂ? ಅದಕ್ಕ ಪಗಾರಾನೂ ಕೊಡ್ತಾರ?" ಎಂದು ಕೇಳಿದ. ವರ್ಷವಾದರೂ ಊರಿನ ಓಣಿಯಲ್ಲಿ ಆ ನಗೆ ಇನ್ನೂ ಮುಗಿದಿಲ್ಲವಂತೆ.

ಸೆಂಟರು ತೆರೆಯುವ ಮೊದಲು ಕೆಲಸದವರ ಮಕ್ಕಳು ಆಡಬಹುದು. ನಮ್ಮ ಮಗಳು ನೀಲಾ ಹಾಗೆ ಶುರು ಮಾಡಿದವಳು. ಅಲ್ಲಿ ಕಲಿಸಲು ಬರುವ ಪ್ರಧಾನ್ ಸರ್ ಅವಳ ಕೈ ನೋಡಿ, ಆಟ ಬಿಟ್ಟ ಯಾರದೋ ಹಳೆಯ ಚೆಂಡಿನ ತೂತು ಮುಚ್ಚಿಸಿ ಇವಳ ಬೆರಳಿನ ಅಳತೆಗೆ ಹೊಸದಾಗಿ ಕೊರೆಸಿ ಕೊಟ್ಟರು. ಚೆಂಡಿನಲ್ಲಿ ಜಾತಿಗಳಿವೆ ಎಂದು ಆಗ ಗೊತ್ತಾಯಿತು. ಹಾದಿಯ ಮುಂಭಾಗಕ್ಕೆ ಎಣ್ಣೆ ಇರುತ್ತದೆ, ಗೂಟಗಳ ಹತ್ತಿರ ಒಣ. ಎಣ್ಣೆಯಲ್ಲಿ ಚೆಂಡು ಜಾರುತ್ತದೆ, ಒಣ ಜಾಗ ಬಂದಾಗ ನೆಲ ಕಚ್ಚಿ ಒಳಕ್ಕೆ ತಿರುಗುತ್ತದೆ. ತಿರುಗಿ ಹೊಡೆದರೆ ಹೆಚ್ಚು ಗೂಟ ಬೀಳುತ್ತವೆ. ಎಣ್ಣೆ ಜಾಸ್ತಿಯಿದ್ದರೆ ಮೈ ಒರಟಾದ, ಎಣ್ಣೆ ಹೀರಿಕೊಳ್ಳುವ ಚೆಂಡು ಬೇಕು. ಎಣ್ಣೆ ಕಡಿಮೆಯಿದ್ದರೆ ಅದೇ ಚೆಂಡು ಅವಸರ ಮಾಡಿ ಬೇಗ ತಿರುಗಿ ದಾರಿ ತಪ್ಪುತ್ತದೆ. ಆಗ ನುಣುಪಾದದ್ದು ಬೇಕು. ದೊಡ್ಡ ಆಟಗಾರರು ಗಾಲಿ ಇರುವ ಪೆಟ್ಟಿಗೆಯಲ್ಲಿ ಸಾಲಾಗಿ ಚೆಂಡು ತರುತ್ತಾರೆ. ನೀಲಾಳ ಹತ್ತಿರ ಇರುವುದು ಈ ಒಂದು ಒರಟು ಚೆಂಡು. ನುಣುಪಾದದ್ದು ಬೇಕಾದರೆ ಸೆಂಟರಿನ ಪ್ಲಾಸ್ಟಿಕ್ ಚೆಂಡು.

ಇದನ್ನೆಲ್ಲ ಅಜ್ಜಿಗೆ ತಿಳಿಸಿ ಹೇಳಿದವಳೂ ನೀಲಾನೇ. "ಆಯೀ, ಎರಿ ಹೊಲಕ್ಕ ಒಂದ ಬೀಜ, ಮಸಾರಿಗೆ ಒಂದ ಬೀಜ ಅಂತಿದ್ದಿ ನೋಡು, ಸೇಮ್ ಹಂಗ." ಎಣ್ಣೆ ಹೆಚ್ಚಿದ್ದ ಹಾದಿ ಎರಿ ಅಂದರೆ ಕರಿ ಮಣ್ಣು, ಕಡಿಮೆಯಿದ್ದದ್ದು ಮಸಾರಿ ಅಂದರೆ ಕೆಂಪು ಮಣ್ಣು ಎಂದರೆ ಅತ್ತೆಯವರಿಗೆ ಬೇರೇನೂ ಹೇಳಬೇಕಾಗಿಲ್ಲ. ಅವತ್ತಿನಿಂದ ನೀಲಾ ಆಡಿ ಬಂದರೆ ಅವರ ಮೊದಲ ಪ್ರಶ್ನೆ, "ಇವತ್ತ ಎರಿ ಇತ್ತೋ, ಮಸಾರಿ ಇತ್ತೋ?"

ಆಯಿ ಎನ್ನುವ ಮಾತಿನಿಂದಲೂ ಇಲ್ಲಿ ಗೊಂದಲ ಆಗಿತ್ತು. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಪಕ್ಕದ ಕೋಲಿಯ ಸುಲಭಾತಾಯಿ ಎಷ್ಟೋ ದಿನ ಅತ್ತೆಯವರನ್ನೇ ನೀಲಾಳ ತಾಯಿ ಎಂದುಕೊಂಡು, ನನ್ನನ್ನು ಅವಳ ಅಕ್ಕನನ್ನಾಗಿ ಮಾಡಿದ್ದರು. ನನಗೇನೂ ಬೇಜಾರಾಗಲಿಲ್ಲ ಅನ್ನಿ. ಆದರೆ ಅತ್ತೆಯವರಿಗೆ ಈ ಊರಿನಲ್ಲಿ ಗೊತ್ತಿರುವ ಮರಾಠಿಯೂ ಅದೊಂದೇ, ಹಿಂದಿ ಅದೂ ಇಲ್ಲ. ಊರಲ್ಲಿ ಕಟ್ಟೆಗೆ ಕುಳಿತರೆ ಸಂಜೆಯವರೆಗೆ ಮಾತಾಡುವವರು ಇಲ್ಲಿ ಮೊಮ್ಮಗಳು ಬರುವ ದಾರಿ ಕಾಯುತ್ತಾರೆ.

ಆಗಬಾರದ್ದು ಆದದ್ದು ಖಂಡೇನವಮಿಗೆ. ನಮ್ಮಲ್ಲಿ ಅಂದು ಕುಡಗೋಲು, ಈಳಿಗೆ, ಹೊಲಿಗೆ ಮಷಿನ್ನು ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ವಿಭೂತಿ ಕುಂಕುಮ ಹಚ್ಚಿ ಪೂಜೆಗೆ ಇಡುವುದು ನಿಮಗೂ ಗೊತ್ತು. ಇಲ್ಲಿ ಮರುದಿನ ದಸರೆಗೆ ಮಾಡುತ್ತಾರೆ, ಬನ್ನಿಯ ಬದಲು ಆಪಟಾ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ನಾವು ನಮ್ಮ ಪದ್ಧತಿಯನ್ನೇ ಇಟ್ಟುಕೊಂಡಿದ್ದೇವೆ. ಹಿಂದಿನ ಸಂಜೆ ನಾನೂ ನೀಲಾನೂ ಹೂವು ತರಲು ಸ್ಟೇಷನ್ ಕಡೆ ಹೋಗಿದ್ದಾಗ ಅತ್ತೆಯವರು ಚೀಲದಿಂದ ಚೆಂಡು ತೆಗೆದು, ಊರಿಂದ ತರಿಸಿದ ಕುಸುಬಿ ಎಣ್ಣೆಯನ್ನು ಕೂಸಿಗೆ ತಿಕ್ಕಿದಂತೆ ಮೈಯೆಲ್ಲ ತಿಕ್ಕಿ, ಮೂರು ಬೆರಳು ವಿಭೂತಿ ಎಳೆದು, ದೇವರ ಮುಂದೆ ಇಟ್ಟಿದ್ದರು. ಮೇಲೆ ಒಂದು ವಸ್ತ್ರ ಹೊದಿಸಿದ್ದರಿಂದ ನಮಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಚೆಂಡು ಆ ಎಣ್ಣೆಯನ್ನು ಕುಡಿದು ಕುಳಿತಿತ್ತು.

"ಆಯೀ! ಯೇ ಕ್ಯಾ ಕಿಯಾ ತುಮ್ನೇ?"

"ಏನಾತವಾ? ನಿನ್ನ ಆಯುಧ ಅಲ್ಲೇನ ಅದು? ತುಕ್ಕ ಹಿಡಿಬಾರದಂತ ಹಚ್ಚೇನಿ."

ರಾಜ್ಯದ ಕಿರಿಯರ ತಂಡದ ಆಯ್ಕೆ ಮುಂದಿನ ಭಾನುವಾರವೇ ಇತ್ತು, ವಿಕ್ರೋಳಿ ಕಡೆಯ ಒಂದು ಸೆಂಟರಿನಲ್ಲಿ. ಅಲ್ಲಿ ಎಣ್ಣೆ ದಪ್ಪಗೆ ಬಳಿಯುತ್ತಾರೆ, ಒರಟು ಚೆಂಡಿಲ್ಲದೆ ಬರಬೇಡ ಎಂದು ಸರ್ ಮೊದಲೇ ಹೇಳಿದ್ದರು. ಎಣ್ಣೆ ಕುಡಿದು ಹೊಟ್ಟೆ ತುಂಬಿದ ಚೆಂಡು ಹಾದಿಯ ಎಣ್ಣೆಯನ್ನು ಇನ್ನೆಲ್ಲಿ ಹೀರೀತು? ನೀಲಾ ಅಳುತ್ತ, ಪೂರಾ ಬರ್ಬಾದ್ ಕರ್ ದಿಯಾ, ಪೂರ್ತಿ ಹಾಳು ಮಾಡಿಬಿಟ್ಟೆ, ಯಾರನ್ನಾದರೂ ಕೇಳಬಾರದಿತ್ತೆ ಎಂದು ಎಲ್ಲವನ್ನೂ ಹಿಂದಿಯಲ್ಲೇ ಕೂಗಾಡಿದಳು. ಅತ್ತೆಯವರು ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಅವಳು ಹೊರಗೆ ಹೋದ ಮೇಲೆ ನನಗೆ ಹೇಳಿದ್ದು ಒಂದೇ ಮಾತು. "ಗಂಗವ್ವಾ, ಬೈಯೂದಿದ್ರ ನನಗ ತಿಳಿಯೂ ಮಾತಿನ್ಯಾಗ ಬೈ ಅನ್ನು ಆಕಿಗೆ. ಏನ ತಪ್ಪ ಮಾಡೇನಿ ಅಂತರ ತಿಳೀಲಿ."

ಅಂದಿನಿಂದ ಅಜ್ಜಿ ಮೊಮ್ಮಗಳ ಮಾತು ನಿಂತಿತು. ಒಂದೇ ಕೋಲಿಯ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ಹೇಗಿರುತ್ತದೆ ಎಂದು ಊರಿನ ದೊಡ್ಡ ಮನೆಯಲ್ಲಿರುವವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ಅಲ್ಲಿ ಸಿಟ್ಟು ಬಂದವರು ಹಿತ್ತಲಿಗೆ ಹೋಗಿ ಕೂರುತ್ತಾರೆ. ಇಲ್ಲಿ ಸಿಟ್ಟು ಮಾಡಿಕೊಂಡವರು ಒಬ್ಬರ ಕಾಲು ದಾಟಿ ಇನ್ನೊಬ್ಬರು ಹೋಗಬೇಕು.

ಸರ್ ಫೋನಿನಲ್ಲಿ ಉಪಾಯ ಹೇಳಿದರು. ಉಗುರುಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಸೋಪಿನ ನೀರು, ತೂತುಗಳಿಗೆ ಟೇಪು. ಮುಳುಗಿಸಿಡಿ, ತೆಗೆದು ಒರೆಸಿ, ಮತ್ತೆ ಮುಳುಗಿಸಿ. ನೀರು ಕುದಿಯಬಾರದು, ಚೆಂಡು ಬಿರುಕು ಬಿಡುತ್ತದೆ. ಮೋರಿಯಲ್ಲಿ, ಅಂದರೆ ಕೋಲಿಯ ಮೂಲೆಯ ಬಚ್ಚಲಲ್ಲಿ, ಕುಳಿತು ಬಕೀಟಿನಲ್ಲಿ ಚೆಂಡು ಮುಳುಗಿಸಲು ಹೋದಾಗ ಹಿಂದಿನಿಂದ ಅತ್ತೆಯವರ ಧ್ವನಿ ಬಂತು. "ಕೈಲೆ ನೋಡಬ್ಯಾಡ, ಮೊಣಕೈ ಅದ್ದಿ ನೋಡು. ಕೂಸಿಗೆ ಎರಿಯೂ ಮುಂದ ಹೆಂಗ ನೋಡ್ತಿದ್ದಿ?" ಬಂದು ಪಕ್ಕದಲ್ಲಿ ಕುಳಿತರು. ನೀರಿನ ಮೇಲೆ ಸಣ್ಣ ಸಣ್ಣ ಹಳದಿ ಕಣ್ಣುಗಳು ತೇಲಿ ಬಂದವು. ಅದಾದ ಮೇಲೆ ದಿನವೂ ಇಬ್ಬರೂ ಅದಕ್ಕೆ ಎರೆದೆವು. ತುಂಬಿಟ್ಟ ನೀರು ಅದಕ್ಕೇ ಹೋಗಿ, ಒಂದು ದಿನ ಅರಿವೆ ಒಗೆಯುವುದು ತಪ್ಪಿತು.

ಇವತ್ತು ಭಾನುವಾರ, ಮನೆಯವರಿಗೆ ಬಿಡುವಿಲ್ಲದ ದಿನ. ಮೆಗಾಬ್ಲಾಕ್ ಬೇರೆ, ಅಂದರೆ ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ದಿನ. ನಾನು, ನೀಲಾ ಜೋಗೇಶ್ವರಿವರೆಗೆ ಲೋಕಲ್‌ನಲ್ಲಿ ನಿಂತೇ ಹೋಗಿ, ಅಲ್ಲಿಂದ ವಿಕ್ರೋಳಿ ಬಸ್ಸು ಹಿಡಿದೆವು. ಚೆಂಡಿನ ಚೀಲ ನನ್ನ ತೊಡೆಯ ಮೇಲಿತ್ತು.

ಪ್ರಧಾನ್ ಸರ್ ಬಾಗಿಲಲ್ಲೇ ಇದ್ದರು. "ಕ್ಯಾ ನೀಲಾ, ಕೌನ್ಸಾ ಬಾಲ್? ಯಹಾಂ ಕಾ ಪ್ಲಾಸ್ಟಿಕ್ ಯಾ ತೇರಾ ತೇಲವಾಲಾ?"

ಅವಳು ಅಲ್ಲಿಯ ಪ್ಲಾಸ್ಟಿಕ್ ಚೆಂಡು, ತನ್ನ ಎಣ್ಣೆ ಚೆಂಡು ಎರಡನ್ನೂ ಎಸೆದು ನೋಡಿದಳು. ಪ್ಲಾಸ್ಟಿಕ್ ಚೆಂಡು ತಿರುಗಲೇ ಇಲ್ಲ, ಬಂದ ದಾರಿಯಲ್ಲೇ ನೆಟ್ಟಗೆ ಹೋಯಿತು. ನಮ್ಮದು ತಿರುಗಿತು, ಆದರೆ ತಡವಾಗಿ, ಮನಸ್ಸಿಲ್ಲದವರು ತಿರುಗಿ ನೋಡಿದ ಹಾಗೆ. "ನನ್ನದ ಇರಲಿ" ಎಂದಳು. ಮೊದಲ ಆಟದಲ್ಲಿ ಎಡಗಡೆಯ ಗೂಟಗಳು ಉಳಿದೇ ಉಳಿದವು. ಎರಡನೆಯದೂ ಹಾಗೇ ಹೋಯಿತು. ಉಳಿದ ಹುಡುಗಿಯರು ಪೆಟ್ಟಿಗೆಯಿಂದ ಬೇರೆ ಬೇರೆ ಚೆಂಡು ತೆಗೆಯುತ್ತಿದ್ದರು. ನೀಲಾ ತನ್ನದನ್ನೇ ಒರೆಸಿ ಒರೆಸಿ ಕೆಳಗಿಟ್ಟು, ಹಾದಿಯನ್ನು ನೋಡುತ್ತ ನಿಂತಳು. ಆಮೇಲೆ ನಿಲ್ಲುವ ಜಾಗವನ್ನೇ ಬಲಕ್ಕೆ ಸರಿಸಿದಳು, ಇನ್ನೂ ಸರಿಸಿದಳು. ಚೆಂಡು ಹಾದಿಯ ಪಕ್ಕದ ಗಟಾರಿನ ಅಂಚಿಗುಂಟ ಹೊರಟಿತು. ಒಂದು ಬೆರಳು ಆಚೆ ಹೋದರೆ ಗಟಾರಿಗೆ ಬಿದ್ದು ಗೂಟ ಮುಟ್ಟುತ್ತಲೇ ಇರಲಿಲ್ಲ. ತುದಿಗೆ ಹೋಗಿ ಚೆಂಡು ನೆಲ ಕಚ್ಚಿ ಒಳಕ್ಕೆ ತಿರುಗಿತು, ಹತ್ತೂ ಗೂಟ ಬಿದ್ದವು. ಹಾದಿಯ ನಡುವೆ ಇದ್ದಷ್ಟು ಎಣ್ಣೆ ಅಂಚಿಗೆ ಇರುವುದಿಲ್ಲ ಎಂದು ಸರ್ ಆಮೇಲೆ ನನಗೆ ಬಿಡಿಸಿ ಹೇಳಿದರು. ಅಲ್ಲಿಂದ ಕೊನೆಯವರೆಗೂ ನನ್ನ ಮಗಳು ಆ ಅಂಚಿನ ಮೇಲೆಯೇ ಆಡಿದಳು. ಎರಡು ಸಲ ಚೆಂಡು ಗಟಾರಿಗೂ ಬಿತ್ತು.

ಹೆಸರು ಕೂಗಿದಾಗ ಅವಳದು ಕೊನೆಗೆ ಬಂತು. ತಂಡದಲ್ಲಿದ್ದಾಳೆ, ಆದರೆ ರಿಸರ್ವ್. ಜೊತೆಗೆ ಹೋಗಬೇಕು, ಯಾರಿಗಾದರೂ ಆಗದಿದ್ದರೆ ಆಡಬೇಕು. ಮುಂದಿನ ಪಂದ್ಯ ಬೆಂಗಳೂರಿನಲ್ಲಿ. ಮಹಾರಾಷ್ಟ್ರ ಎಂದು ಬರೆದ ಅಂಗಿಯನ್ನು ಅವಳ ಭುಜಕ್ಕೆ ಹಿಡಿದು ಅಳತೆ ನೋಡುವಾಗ ನನಗೆ ಸಂತೋಷವಾಯಿತು. ಸಂತೋಷ ಅಷ್ಟೇ ಎಂದರೆ ಪೂರ್ತಿ ಹೇಳಿದಂತಾಗುವುದಿಲ್ಲ.

ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲಿ ಕುಳಿತಿದ್ದರು. ಎರಿಯೋ ಮಸಾರಿಯೋ ಎಂದು ಕೇಳಲಿಲ್ಲ. ನೀಲಾ ಚಪ್ಪಲಿ ಬಿಟ್ಟು ಅವರ ಎದುರಿಗೇ ಕುಳಿತಳು.

"ಆಯೀ, ಇವತ್ತ ಎರಿ ಇತ್ತು. ಪೂರಾ ಎರಿ. ನಾ ಏನ್ ಮಾಡಿದೆ... ಕಿನಾರೇ ಸೇ... ಅವ್ವಾ, ಕಿನಾರಾಕ್ಕ ಏನಂತಾರ?"

ನಾನು ಹೇಳುವ ಮೊದಲೇ, ಅವಳ ಬೆರಳು ಚಾಪೆಯ ಅಂಚಿಗುಂಟ ಗೆರೆ ಎಳೆದದ್ದು ನೋಡಿ ಅತ್ತೆಯವರು, "ಬದು" ಎಂದರು. ಅವರಿಗೆ ಅದಿನ್ನೂ ಹೊಲವೇ.

"ಹಾಂ, ಬದುವಿನ ಮ್ಯಾಲಿಂದ ಬಿಟ್ಟೆ. ಮತ್ತ, ಅವತ್ತ ನಾ ಜೋರ್ ಮಾಡಿದ್ದು... ಎಣ್ಣಿ ಹಚ್ಚಿದ್ರ ಅದಕ್ಕ ಹಿಡಿತ ಹೋಗತೈತಿ, ಅದಕ್ಕ. ನಿನಗ ಗೊತ್ತಿರಲಿಲ್ಲ. ನಾ ಹೇಳಿರಲಿಲ್ಲ."

"ಈಗ ತಿಳೀತ ಬಿಡು" ಎಂದರು ಅತ್ತೆಯವರು. ಅವಳ ಉಬ್ಬಿದ ಹೆಬ್ಬೆರಳು ಹಿಡಿದು ನೋಡಿದರು. ಆಮೇಲೆ ಹೊಸ ಅಂಗಿಯ ಮಡಿಕೆ ಬಿಚ್ಚಿ ನೋಡಿ, ಅಕ್ಷರದ ಮೇಲೆ ಕೈಯಾಡಿಸಿ, "ಇದರ ಮ್ಯಾಲೆ ಯಾವೂರು ಬರದೈತಿ?" ಎಂದು ಕೇಳಿದರು. ಮಹಾರಾಷ್ಟ್ರ ಎಂದೆ, ಪಂದ್ಯ ಬೆಂಗಳೂರಿನಲ್ಲಿ ಎಂದೂ ಹೇಳಿದೆ.

"ಬೆಂಗಳೂರಾಗ ನಮ್ಮ ಕಡೆ ಹುಡುಗ್ಯಾರೂ ಆಡ್ತಾರಲ್ಲ? ಆಗ ನಾ ಯಾರ ಕಡೆ ಕುಂದರ್ಲಿ?"

ಅವರು ಬರುತ್ತಾರೆ ಎಂಬುದು ನಮಗೆ ಆಗಲೇ ಗೊತ್ತಾದದ್ದು. ನೀಲಾ ನಕ್ಕಳು. "ಕಡೆ ಇಲ್ಲ ಆಯೀ. ಕಬಡ್ಡಿ ಗತೆ ಎದುರಾಬದರಾ ನಿಲ್ಲೂದಿಲ್ಲ ಇದರಾಗ. ಎಲ್ಲಾರೂ ಹಿಂದ ಒಂದ ಕಡೆ ಕುಂದರ್ತಾರ, ಗೂಟದ ಕಡೆ ಮಾರಿ ಮಾಡಿ."

ಅತ್ತೆಯವರು ಅಂಗಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಕುಂದ್ರೂದು ಒಂದ ಕಡೆ, ಖರೆ. ಚಪ್ಪಾಳಿ ಯಾರಿಗೆ ಹೊಡೀಲಿ?"

ನೀಲಾ ನನ್ನ ಮುಖ ನೋಡಿದಳು. ನಾನು ಸ್ಟೋವ್ ಹಚ್ಚಲು ಎದ್ದೆ.

ಬೆಳಗಿನ ರೊಟ್ಟಿ, ಬದನೆಕಾಯಿ ಪಲ್ಯ, ಬಿಸಿ ಅನ್ನ, ಮಜ್ಜಿಗೆ, ಸುಲಭಾತಾಯಿ ಕಳಿಸಿದ ಒಂದು ವಾಟಿ ಸಾಬುದಾಣಿ ಖೀರು. ಖೀರನ್ನು ನಾಲ್ಕು ಪಾಲು ಮಾಡಿ, ಮನೆಯವರ ಪಾಲು ಮುಚ್ಚಿಟ್ಟೆವು. ಅತ್ತೆಯವರು ಬಹಳ ದಿನಗಳ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮೊದಲು ಮಲಗಿದವರೂ ಅವರೇ.