ಸಿದ್ದಲಿಂಗಪ್ಪನ ಮೊಣಕಾಲಿನ ಎಳೆ

ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ಸಿದ್ದಲಿಂಗಪ್ಪ ಎದುರಿಗೆ ಬಂದರೆ ಜನ ತಮ್ಮ ಧೋತರದ ಚುಂಗನ್ನು ಭದ್ರ ಮಾಡಿಕೊಳ್ಳುತ್ತಿದ್ದರು. ಕಳ್ಳನೆಂದಲ್ಲ. ಅರಳೆಯ ದರ್ಜೆ ಹೇಳುವುದು ಅವನ ಕಸುಬು. ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿ, ಎಳೆಯ ಉದ್ದ ನೋಡಿ, ಇದು ಜಯಧರ ತಳಿ, ಇದು ಲಕ್ಷ್ಮಿ ತಳಿ, ಎರಡನ್ನೂ ಬೆರೆಸಿದ ಪುಣ್ಯಾತ್ಮರು ನೀವು ಎಂದು ಹೇಳಿಬಿಡುತ್ತಿದ್ದ. ಬೆರಳಿಗೆ ಹತ್ತಿದ ಚಾಳಿ ಪೇಟೆ ಮುಚ್ಚಿದ ಮೇಲೂ ನಿಲ್ಲುತ್ತಿರಲಿಲ್ಲ. ಒಂದು ಮದುವೆಯಲ್ಲಿ ಮದುಮಗನ ಶಲ್ಯದ ಎಳೆ ಜಗ್ಗಿ, “ಅಂಗಡಿಯಾಂವ ನಿಮಗ ಟೊಪಿಗಿ ಹಾಕ್ಯಾನ್ರಿ” ಎಂದು ಬೀಗರ ಊಟ ಕೆಡಿಸಿದ್ದೂ ಉಂಟು.

ಅವನ ಇನ್ನೊಂದು ಹುಚ್ಚು ಕುಸ್ತಿ. ಹಿಂದಿನ ವರ್ಷ ಕೇಶ್ವಾಪುರದ ಸೈಕಲ್ ರಿಪೇರಿ ಖಾಜಾಸಾಬ ಉಣಕಲ್ಲಿನ ಕಣದಲ್ಲಿ ಅವನಿಗೆ ಮಣ್ಣು ಮುಕ್ಕಿಸಿದ್ದ. ಅರವತ್ತೆರಡನೇ ಇಸವಿಯ ಈ ಕುಸ್ತಿಯಲ್ಲಿ ಸೇಡು ತೀರಲೇಬೇಕಿತ್ತು. ಅಷ್ಟರಲ್ಲಿ ಅರಳೆ ತುಂಬಿದ ಅಂಡಿಗೆಯ ಮೇಲಿಂದ ಜಾರಿ ಬಿದ್ದು ಮೊಣಕಾಲು ತಿರುಚಿತು. ಬಾವು ಇಳಿಯಿತು. ಎಕ್ಸ್‌ರೇಯಲ್ಲಿ ಎಲುಬು ಗಟ್ಟಿಯಿದೆಯೆಂದು ಬಂತು. ಕೂತೆದ್ದು ಬೈಠಕ್ ಹೊಡೆಯುವಾಗ ಮಾತ್ರ ಒಳಗೆ ಕರಕರ.

“ನಿಮ್ಮ ಕಾಲಾಗ ಯಾರು ಹಪ್ಪಳ ತಿನ್ನಾಕತ್ತಾರ್ರಿ?” ಎಂದಳು ಜೋಳ ಹಸನು ಮಾಡುತ್ತಿದ್ದ ಹೆಂಡತಿ ಸಾವಂತ್ರೆವ್ವ. ಅವಳೇ ಅವನನ್ನು ದೊಡ್ಡ ದವಾಖಾನೆಯ ಡಾಕ್ಟರ್ ರಮಾಕಾಂತರ ಬಳಿಗೆ ಅಟ್ಟಿದಳು.

ರಮಾಕಾಂತರ ಕೋಣೆಗೆ ಹೊಸದಾಗಿ ಜರ್ಮನಿಯ ಸೂಕ್ಷ್ಮದರ್ಶಕ ಬಂದಿತ್ತು. ಸಿಕ್ಕಿದ್ದನ್ನೆಲ್ಲ ಅದರಡಿ ಇಟ್ಟು ನೋಡುವ ಉಮೇದು ಅವರಿಗೆ. ಸೂಜಿಯಿಂದ ಮೊಣಕಾಲಿನ ನೀರು ತೆಗೆದು, ಗಾಜಿನ ಮೇಲೆ ಹನಿಸಿ, ಬಹಳ ಹೊತ್ತು ಬಗ್ಗಿ ನೋಡಿದರು.

“ಕೀಲಿನಾಗ ಎಲುಬಿನ ತುದಿಗೆ ಒಂದು ನುಣುಪು ಪದರ ಇರ್ತದ, ಸಿದ್ದಲಿಂಗಪ್ಪ. ಎಕ್ಸ್‌ರೇದಾಗ ಅದು ಕಾಣ್ಸೂದಿಲ್ಲ. ನಿಮ್ಮ ಪದರ ಎಳಿ ಬಿಡ್ಲಿಕ್ಕತ್ತದ.”

ಎಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಹೆಬ್ಬೆರಳುಗಳು ತುರಿಸಿದವು. “ಎಳಿ ಅಂದ್ರ ನಾ ನೋಡಬೇಕ್ರಿ” ಎಂದು ಕೊಳವೆಗೆ ಕಣ್ಣು ಹಚ್ಚಿದ. ತಿರುಚಿದ ರಿಬ್ಬನ್ನಿನಂಥ ಒಂದು ಎಳೆ ಅಡ್ಡ ಬಿದ್ದಿತ್ತು. ಮುಖ ಅರಳಿತು.

“ಸಾಹೇಬ್ರ, ಇದು ನನ್ನ ಕಾಲಲ್ರಿ, ನಿಮ್ಮ ದವಾಖಾನಿ ಹತ್ತಿ! ಕಾಲು ಪಾಸಾತು. ನಾ ಕುಸ್ತಿ ಹಿಡಿಯಾಂವ!”

ಧೋತರ ಸರಿಮಾಡಿಕೊಂಡು ಎದ್ದೇಬಿಟ್ಟ. ರಮಾಕಾಂತರು ನಕ್ಕರು.

“ಅದು ಖರೇನ ಹತ್ತಿ. ಅದನ್ನ ಬಿಟ್ಟ ಹೇಳೀನಿ. ಅದರ ಬಾಜೂಕ ನೋಡ್ರಿ, ತಿರುವು ಇಲ್ಲದ್ದು.”

ಸಿದ್ದಲಿಂಗಪ್ಪ ಮತ್ತೆ ಬಗ್ಗಿದ. ಗಾಜಿನಂಥ ತೆಳು ಚೂರುಗಳು. ಹಳೆಯ ಬಟ್ಟೆಯ ಅಂಚಿನಂತೆ ಅವುಗಳಿಂದ ಕೂದಲಿಗಿಂತ ಸಣ್ಣ ಎಳೆಗಳು ಎದ್ದಿದ್ದವು. ಯಾವ ಸೀಮೆಯ ಅರಳೆಯೂ ಹಾಗಿರಲಿಲ್ಲ.

“ಈಗ ಕುಸ್ತಿ ಹಿಡದ್ರ?”

“ಪದರ ಪೂರಾ ಕಿತ್ತು ಬರ್ತದ. ಆಮ್ಯಾಲ ಎಲುಬಿಗೆ ಎಲುಬು. ಕುಂತು ಅರಳಿ ನೋಡೂದೂ ಮುಗೀತು. ಲಗೂ ಗೊತ್ತಾತು, ಅದ ನಿಮ್ಮ ದೈವ. ಈ ವರ್ಷ ಕಣಕ್ಕ ಇಳೀಬ್ಯಾಡ್ರಿ.”

ಎಳೆ ಕೆಟ್ಟ ಅರಳೆಯನ್ನು ಯಾವ ಗಿರಾಕಿಗೂ ‘ಛಲೋ ಮಾಲು’ ಎಂದವನಲ್ಲ ಅವನು. ಈಗ ತನಗೆ ತಾನೇ ಹಾಗೆನ್ನಲೂ ಬಾಯಿ ಬರಲಿಲ್ಲ.

ಕುಸ್ತಿಯ ದಿನ ಅಂಗಿ ತೊಟ್ಟು ಕಣದ ಅಂಚಿನಲ್ಲಿ ಕುಳಿತ. ಖಾಜಾಸಾಬ ಬಂದು ತೊಡೆ ತಟ್ಟಿದ.

“ಯಾಕೋ ಸಿದ್ದಣ್ಣ, ಅಂಜಿದೇನು?”

“ಮೊಣಕಾಲಿನ ಎಳಿ ಬಿಟ್ಟೈತೋ. ಡಾಕ್ಟರ ದುರ್ಬೀನಿನಾಗ ನಾನ ನೋಡೀನಿ. ಎಕ್ಸ್‌ರೇಕ್ಕೂ ಸಿಗಂಗಿಲ್ಲ ಅದು. ಮೊದಲು ಬರೇ ಕರಕರ ಅಂತೈತಿ, ಅಷ್ಟ.”

ಖಾಜಾಸಾಬನ ನಗು ಅರ್ಧಕ್ಕೇ ನಿಂತಿತು. ಒಂದು ಬೈಠಕ್ ಹೊಡೆದ. ಕಿವಿಗೊಟ್ಟ. ಇನ್ನೊಂದು ಹೊಡೆದ.

“ಕರಕರ ಅಂದ್ರ ಹೆಂಗ? ಸೈಕಲ್ ಚೈನ್ ಹಂಗೋ, ಹಪ್ಪಳದ ಹಂಗೋ?”

“ಹಪ್ಪಳ.”

ಕಣದಲ್ಲಿ ಖಾಜಾಸಾಬನ ಕೈ ಎದುರಾಳಿಯ ಮೇಲಿದ್ದರೂ ಕಿವಿ ಮೊಣಕಾಲಿನ ಮೇಲಿತ್ತು. ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದ ಕಾಲೇಜು ಹುಡುಗನೊಬ್ಬ ಅವನನ್ನು ಚಿತ್ ಮಾಡಿ ಗೆದ್ದವರಿಗೆ ಕೊಡುವ ಪಟಗಾ ತಲೆಗೆ ಸುತ್ತಿಸಿಕೊಂಡ. ಸಿದ್ದಲಿಂಗಪ್ಪನ ಸೇಡು ಅಂಗಿ ಬಿಚ್ಚದೆಯೇ ತೀರಿತು.

ಮಣ್ಣು ಕೊಡವಿಕೊಳ್ಳುತ್ತ ಖಾಜಾಸಾಬ ಪಕ್ಕಕ್ಕೆ ಬಂದು ಕುಳಿತ. “ಆ ದುರ್ಬೀನಿನ ಡಾಕ್ಟರು ನಾಳಿ ಎಷ್ಟಕ್ಕ ಬರ್ತಾರೋ?”

“ಹತ್ತಕ್ಕ. ಕೂಡೇ ಹೋಗೂಣು.” ಅಷ್ಟರಲ್ಲಿ ಗೆದ್ದ ಹುಡುಗ ಎದುರಿಗೆ ಹಾದುಹೋದ. ಸಿದ್ದಲಿಂಗಪ್ಪ ಅವನ ಪಟಗಾದ ಚುಂಗು ಹಿಡಿದು, ಹೆಬ್ಬೆರಳಿನಿಂದ ಒಂದು ಎಳೆ ಜಗ್ಗಿ ನೋಡಿ, ಖಾಜಾಸಾಬನ ಬೆನ್ನು ತಟ್ಟಿದ.

“ಬೇಜಾರಾಗಬ್ಯಾಡೋ ತಮ್ಮಾ. ಸೋತಿದ್ದ ಛಲೋ ಆತು, ಮಾಲು ಭಾಳ ಹಗುರ ಐತಿ.”