ಗುತ್ತೆವ್ವನ ಹಳೆಯದಾಗದ ಪೆಟ್ಟಿಗೆ

ಶಿಗ್ಗಾಂವಿಯ ಹಿಟ್ಟಿನ ಗಿರಣಿಗಳು ಶುರುವಾದವೆಂದರೆ ಕರೆಂಟು ಸೊರಗುತ್ತದೆ. ಅದಕ್ಕೇ ಗುತ್ತೆವ್ವ ಇನ್ನೂ ಮಬ್ಬುಗತ್ತಲಿರುವಾಗಲೇ ಪೇಟೆಯ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಟಿ.ವಿ.ಗೆ ವಿಡಿಯೋ ಗೇಮಿನ ಪೆಟ್ಟಿಗೆ ಜೋಡಿಸಿ, ಒಂದೊಂದೇ ಆಟದ ಕ್ಯಾಸೆಟ್ಟಿನ ಬಾಯಿಯನ್ನು ಸ್ಪಿರಿಟ್ ಹಚ್ಚಿದ ಅರಿವೆಯಿಂದ ಒರೆಸಿ, ಹಾಕಿ ನೋಡುತ್ತಾರೆ. ಪರದೆಯ ಮೇಲೆ ವಿಮಾನ ಹಾರಿದರೆ ಅದನ್ನು ತೆಗೆದಿಟ್ಟು ಇನ್ನೊಂದು ಹಾಕುತ್ತಾರೆ. ಆಟದ ಖುಷಿ ಮುಖದಲ್ಲಿಲ್ಲ.

"ಎಂಬತ್ನಾಕರಾಗ ಬಂದ ಪೆಟ್ಟಿಗಿರಿ ಇದು, ಆರೇಳು ವರ್ಷ ಆತು. ಮೊನ್ನೆ ಹುಬ್ಬಳ್ಳಿಯಿಂದ ಹೊಸಾ ಆಟ ತರಿಸೇನಿ. ಅದೂ ಇದರಾಗ ಓಡತೈತಿ."

ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ಕುಳಿತ ಕಂಪ್ಯೂಟರ್ ಬಂದದ್ದೂ ಈ ಪೆಟ್ಟಿಗೆಯ ಜೊತೆಗೇ, ಅದೇ ದಿನ, ಅದೇ ಬಸ್ಸಿನಲ್ಲಿ. ಟೈಪಿಂಗ್ ಕ್ಲಾಸಿನ ಮಾಲೀಕ ಮಲ್ಲೇಶಪ್ಪ ಒಂದನ್ನು ಕ್ಲಾಸಿಗೆ, ಇನ್ನೊಂದನ್ನು ಮನೆಯ ಮಕ್ಕಳ ಆಟಕ್ಕೆ ತಂದಿದ್ದರು. ಹಿರೇಕೆರೂರು ಕಡೆಯ ಕೂಲಿಕಾರರ ಮಗಳು ಗುತ್ತೆವ್ವ ಆಗ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಕೈಪಿಡಿ ಓದಿ ಓದಿ ಕಂಪ್ಯೂಟರನ್ನೂ ಕಲಿತು, ಕಲಿಸತೊಡಗಿದರು. ಅವರನ್ನು ಮನೆಯ ಹೊರಗೇ ನಿಲ್ಲಿಸಿ ಮಾತಾಡಿಸುತ್ತಿದ್ದವರ ಮಕ್ಕಳು "ಅಕ್ಕೋರ" ಎಂದು ಎದ್ದು ನಿಲ್ಲುತ್ತಿದ್ದರು.

ತಂಗಿ ಮಂಜವ್ವ ಕೂಡ ಕಲಿತಳು, ಎಲ್ಲರಿಗಿಂತ ಚುರುಕಾಗಿ. ಹುಬ್ಬಳ್ಳಿಯ ಕಂಪನಿಯೊಂದು ಕೆಲಸಕ್ಕೆ ಕರೆದಾಗ ಅಕ್ಕನ ಸೀರೆ ಉಟ್ಟು ಹೋದಳು. ಅಲ್ಲಿದ್ದದ್ದು ಬೇರೆಯೇ ಯಂತ್ರ. ಕ್ಲಾಸಿನ ಕಂಪ್ಯೂಟರಿಗೆ ಪ್ರೋಗ್ರಾಂ ತುಂಬಲು ಟೇಪ್ ರೆಕಾರ್ಡರ್ ಹಚ್ಚಬೇಕಿತ್ತು. ಕಂಪನಿಯಲ್ಲಿ ಫ್ಲಾಪಿ ಎಂಬ ಚಪ್ಪಟೆ ತಟ್ಟೆ ಕೊಟ್ಟು, ಹಾಕು ಎಂದರು. ಎಲ್ಲಿ ಹಾಕುವುದೆಂದು ಅವಳಿಗೆ ತಿಳಿಯಲಿಲ್ಲ. ಕೋಣೆಯಲ್ಲಿದ್ದವರು ನಕ್ಕರು.

"ಮನಿಗೆ ಬಂದು ನನಗೇನೂ ಅನ್ನಲಿಲ್ಲರಿ. ಬೈದಿದ್ದರ ಚಲೋ ಇತ್ತು," ಎನ್ನುತ್ತಾರೆ ಗುತ್ತೆವ್ವ. ಮಂಜವ್ವ ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಕೈ ಉರಿಯುತ್ತದೆಂದು ಹಬ್ಬಕ್ಕೆ ಬಂದರೂ ಅಕ್ಕನ ಮಗುವನ್ನು ಎತ್ತಿಕೊಳ್ಳುವುದಿಲ್ಲ.

ಇಲ್ಲಿ ಕಲಿತದ್ದು ಕೆಲಸಕ್ಕೆ ಬರುವುದಿಲ್ಲವೆಂಬ ಸುದ್ದಿ ಹರಡಿ ಕ್ಲಾಸು ಮುಚ್ಚಿತು. ಮಲ್ಲೇಶಪ್ಪ ಮನೆಯ ಆಟದ ಪೆಟ್ಟಿಗೆಯನ್ನು ಅದೇ ಕೋಣೆಗೆ ತಂದಿಟ್ಟು, "ಇದನ್ನರ ನಡಸು" ಎಂದರು. ಹಾನಗಲ್ಲಿಗೆ, ಸವಣೂರಿಗೆ ಹೋಗುವವರು ಬಸ್ಸು ಬರುವತನಕ ಚಿಲ್ಲರೆ ಕೊಟ್ಟು ಆಡುತ್ತಾರೆ. ಕಂಪ್ಯೂಟರ್ ಹಳೆಯದಾಗಿ ಈ ಪೆಟ್ಟಿಗೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಗುತ್ತೆವ್ವ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕಿ ತೋರಿಸುತ್ತಾರೆ.

"ಆಟ ತಯಾರ್ ಮಾಡಾವ್ರು ಈ ಪೆಟ್ಟಿಗಿ ಅಳತಿ ನೋಡಿ ಆಟ ಮಾಡ್ತಾರ್ರಿ. ಪೆಟ್ಟಿಗಿ ಬದಲಿಸಿದರ ಮಂದಿ ಮನಿಯೊಳಗ ಇದ್ದ ಕ್ಯಾಸೆಟ್ಟೆಲ್ಲಾ ದಂಡ ಆಕ್ಕೈತಿ, ಅದಕ್ಕ ಬದಲಿಸೂದಿಲ್ಲ. ಕಂಪ್ಯೂಟರ್ ಹಂಗಲ್ಲ. ಕೆಲಸ ಬೆಳದಂಗ ಪೆಟ್ಟಿಗೀನ ಬ್ಯಾರೆ ತಗೋ ಅಂತಾರ. ಹೊಸಾದು ತಗೊಳ್ಳಾಕ ಆಗದವ್ರು ಅಲ್ಲೇ ಉಳಿಬೇಕು."

ಬೆಳಕು ಹರಿಯುವ ಹೊತ್ತಿಗೆ ಹುಲಗೂರಿನ ಉಳವಪ್ಪ ಎಂಬವರು ಮಗಳನ್ನು ಕರೆದುಕೊಂಡು ಬಾಗಿಲಿಗೆ ಬರುತ್ತಾರೆ. ಹೊರಗಿನ ಬೋರ್ಡಿನಲ್ಲಿ 'ಕಂಪ್ಯೂಟರ್ ತರಬೇತಿ' ಎಂಬ ಅಕ್ಷರಗಳು ಇನ್ನೂ ಇವೆ.

"ಅಕ್ಕೋರ, ಈಕೀಗೆ ಕಲಿಸ್ರಿ."

"ಕ್ಲಾಸ್ ಇಲ್ಲರಿ ಈಗ."

"ನಿಮಗ ಗೊತ್ತಿದ್ದಷ್ಟರ ಹೇಳಿಕೊಡ್ರಿ."

"ನನಗ ಗೊತ್ತಿದ್ದದ್ದು ಈಗ ಎಲ್ಲೂ ನಡಿಯೂದಿಲ್ಲರಿ ಯಪ್ಪಾ. ಹುಬ್ಬಳ್ಳಿಗೆ ಕಳಸ್ರಿ."

ಹುಬ್ಬಳ್ಳಿಗೆ ಕಳಿಸುವುದು ಆಗದ ಮಾತೆಂದು ಮೂವರಿಗೂ ಗೊತ್ತು. ಹುಡುಗಿ ಬೋರ್ಡನ್ನು ಮತ್ತೊಮ್ಮೆ ಓದಿ ಅಪ್ಪನ ಹಿಂದೆ ನಡೆಯುತ್ತಾಳೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಗುತ್ತೆವ್ವ ಕಣ್ಣು ಎತ್ತುವುದಿಲ್ಲ.

"ಆ ಬೋರ್ಡಿಗೆ ಯಾರರ ಬಣ್ಣ ಬಳದು ಕೊಟ್ಟರ ಸಾಕ್ರಿ. ನನ್ನ ಕೈಲೆ ಅಳಸಾಕ ಆಗವಲ್ದು."