ಮೊಳದುದ್ದದ ಬಸ್ಸು

ಆನವಟ್ಟಿಯ ಕಿರಾಣಿ ಅಂಗಡಿ ರೇವಣಪ್ಪನಿಗೆ ತನ್ನ ನೆರಳಿನ ಮೇಲೂ ಸಂಶಯ. ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಮತ್ತೊಮ್ಮೆ ಜಗ್ಗಲು ವಾಪಸು ಬರುವ ಮನುಷ್ಯ. ಎಸ್‌ಟಿಡಿ ಬೂತಿನ ಮೀಟರನ್ನು ನಂಬದೆ ಸ್ವಂತ ಗಡಿಯಾರ ನೋಡುತ್ತಲೇ ಫೋನಿನಲ್ಲಿ ಮಾತಾಡುವವನು. ಅಂಥವನು, ಶಿಕಾರಿಪುರದ ರೂಟಿನಲ್ಲಿ ಡ್ರೈವರಾಗಿದ್ದ ಅಪ್ಪ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಮಾಡಿಟ್ಟು ತೀರಿಹೋಗಿದ್ದ ಮೊಳದುದ್ದದ ಬಸ್ಸನ್ನು ರಿಪೇರಿಗೆಂದು ಬಿಟ್ಟುಹೋಗುತ್ತಾನೆಯೇ? ಬೆಸುಗೆ ಹಾಕುವ ಮೌನೇಶಾಚಾರಿಯ ಎದುರಿಗೇ ಮಣೆ ಹಾಕಿಕೊಂಡು ಕೂತ. ಗಾಲಿ ಬದಲಾದೀತೆಂದು ನಾಲ್ಕರ ಒಳಮೈಗೂ ಮೊದಲೇ ಮೊಳೆಯಿಂದ ಗುರುತು ಗೀಚಿದ್ದ. ಆಚಾರಿ ಕೆಮ್ಮಿದರೂ ಅನುಮಾನ, ಕೆಮ್ಮದಿದ್ದರೂ ಅನುಮಾನ. ಟಾಪು ಬಿಚ್ಚಿದ್ದೇ ತಡ, ಬಗ್ಗಿ ನೋಡಿದ. ಡ್ರೈವರ್ ಸೀಟಿನ ಪಕ್ಕ, ಬಾನೆಟ್ಟಿನ ಮೇಲೆ ಚೂರು ಬಟ್ಟೆ ಅಂಟಿಕೊಂಡಿತ್ತು. "ಏನ್ರೀ ಆಚಾರ್ರೆ, ತೂತು ಮಾಡಿ ಬಟ್ಟೆ ಮುಚ್ಚೀರೇನು?" "ನಿಮ್ಮ ಕಣ್ಣೆದುರೇ ಬಿಚ್ಚೀನಲ್ರೀ, ನಾ ಯಾವಾಗ ಮುಚ್ಚಲಿ? ನಿಮ್ಮಪ್ಪಾರೇ ಅಂಟಿಸಿರ್ಬೇಕು." ನಂಬದ ರೇವಣಪ್ಪ ಕಿತ್ತು ನೋಡಲು ಉಗುರು ಹಾಕಿದ. ನಾಲ್ಕು ಮಡಿಕೆಯ, ಕೆಂಪಂಚಿನ ಟವೆಲ್ ಚೂರು. ಚಿಕ್ಕಂದಿನಲ್ಲಿ, ರೂಟಿನ ಬಸ್ಸಿನ ಕಾದ ಬಾನೆಟ್ಟು ಸುಟ್ಟೀತೆಂದು ಹೆಗಲ ಟವೆಲನ್ನು ಹೀಗೇ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಅಪ್ಪ ತನ್ನನ್ನು ಕೂರಿಸಿಕೊಳ್ಳುತ್ತಿದ್ದ. ಉಗುರು ಅಲ್ಲೇ ನಿಂತಿತು. ಎದ್ದು ಚಪ್ಪಲಿ ಮೆಟ್ಟಿದವನು ಬಸ್ಸನ್ನು ಆಚಾರಿಯ ಬಳಿಯೇ ಬಿಟ್ಟು ಹೊರಟ. ರಸ್ತೆ ದಾಟಿದ ಮೇಲೆ, ಬೀಗ ಜಗ್ಗಲು ಬರುವವನಂತೆ ತಿರುಗಿ ಬಂದ. "ಆಚಾರ್ರೆ, ಗಾಲಿ ಬೇಕಾದ್ರೆ ನಾಲ್ಕೂ ಬದಲಾಯಿಸ್ರಿ. ಆ ಟವೆಲ್ಲಿಗೆ ಮಾತ್ರ ಬಿಸಿ ತಾಗಬಾರ್ದು."